ಐದು ಸೆಕೆಂಡಿನ ಕಾಟ: ಲಿನಕ್ಸ್‌ನಲ್ಲಿ ಬಂದು ಹೋಗುವ ಡಿಎನ್‌ಎಸ್ ದೋಷ

ಇಂಟರ್ನೆಟ್ ಪೂರ್ತಿ ಕೆಟ್ಟಿರುವುದಿಲ್ಲ. ವಾಟ್ಸ್‌ಆ್ಯಪ್ ಸಂದೇಶ ಬರುತ್ತಿರುತ್ತದೆ, ಆಗಲೇ ಶುರುವಾದ ವಿಡಿಯೊ ಓಡುತ್ತಲೇ ಇರುತ್ತದೆ. ಹೊಸದೊಂದು ವಿಳಾಸ ಹೊಡೆದರೆ ಮಾತ್ರ ಪುಟ ಅಲ್ಲಾಡದೆ ನಿಲ್ಲುತ್ತದೆ. ಐದು ಸೆಕೆಂಡು ಕಾಯಿಸಿ, ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ. ಮತ್ತೊಮ್ಮೆ ನೋಡಿದರೆ ಎಲ್ಲವೂ ಸರಿ. ಪಕ್ಕದವರನ್ನು ಕರೆದು ತೋರಿಸಲು ಹೋದರಂತೂ ಒಮ್ಮೆಯೂ ಕೆಡುವುದಿಲ್ಲ.

ಆ ಐದು ಸೆಕೆಂಡು ಎಲ್ಲಿಂದಲೋ ಬಂದದ್ದಲ್ಲ. ಬಹುಪಾಲು ಲಿನಕ್ಸ್ ಗಣಕಗಳಲ್ಲಿ ಹೆಸರಿಗೆ ವಿಳಾಸ ಹುಡುಕುವ ಕೆಲಸ ಜಿಲಿಬ್‌ಸಿ ಎಂಬ ಲೈಬ್ರರಿಯದು. ಅದು ಹೆಸರಿಗೆ ವಿಳಾಸ ಹೇಳುವ ಒಂದು ಡಿಎನ್‌ಎಸ್ ಸರ್ವರನ್ನು ಕೇಳಿ, ಉತ್ತರ ಬಾರದಿದ್ದರೆ ಐದು ಸೆಕೆಂಡು ಕಾಯುತ್ತದೆ. ಆಮೇಲೆ ಪಟ್ಟಿಯಲ್ಲಿರುವ ಮುಂದಿನ ಸರ್ವರಿಗೆ ಹೋಗುತ್ತದೆ. ಪಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚು ಸರ್ವರುಗಳಿಗೆ ಜಾಗವಿಲ್ಲ, ಇಡೀ ಪಟ್ಟಿಯನ್ನು ಎರಡು ಸುತ್ತು ಹಾಕುತ್ತದೆ. ಎಲ್ಲರೂ ಮೌನವಾಗಿದ್ದರೆ ಅರ್ಧ ನಿಮಿಷದ ಹತ್ತಿರ ಕೂತಿರಬೇಕು. ಹಾಗಾಗಿ ತಡೆ ಸರಿಯಾಗಿ ಐದು ಸೆಕೆಂಡಿನದಾದರೆ ಅದೇ ಒಂದು ಸುಳಿವು: ಮೊದಲು ಕೇಳಿದವರು ಉತ್ತರ ಕೊಡಲಿಲ್ಲ, ಎರಡನೆಯವರು ಕೊಟ್ಟರು, ಇಲ್ಲವೇ ಮೊದಲ ಪ್ರಶ್ನೆ ದಾರಿಯಲ್ಲೇ ಕಳೆದುಹೋಯಿತು.

ಈ ಕಾಟಕ್ಕೆ ಊರಲ್ಲೆಲ್ಲ ಚಾಲ್ತಿಯಲ್ಲಿರುವ ಮದ್ದು ಒಂದೇ: ‘8.8.8.8 ಹಾಕಿ ನೋಡಿ.’ ಗೂಗಲ್ 2009ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತೆರೆದಿಟ್ಟ ಸರ್ವರಿನ ವಿಳಾಸ ಅದು. ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ ಕೂಡ. ಆದರೆ ಯಾಕೆ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಯಾಕೆ ಕೆಟ್ಟಿತ್ತು ಎಂದಂತೂ ಇಲ್ಲವೇ ಇಲ್ಲ. ಬಂದು ಹೋಗುವ ದೋಷದಲ್ಲಿ ಅದೇ ಅಪಾಯ. ತಾನಾಗಿ ಹೋದದ್ದನ್ನು ಮದ್ದಿನಿಂದ ಹೋಯಿತು ಎಂದುಕೊಳ್ಳುವುದು ಬಹಳ ಸುಲಭ.

ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಊರಿಗಾಂನಂಥ ಕಡೆ ಈ ದೋಷಕ್ಕೆ ಹೇಳಿ ಮಾಡಿಸಿದ ವಾತಾವರಣವಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಇಲ್ಲಿನ ಕುಟುಂಬಗಳ ದುಡಿಮೆಯ ದಾರಿ ಬೆಂಗಳೂರಿನ ಕಡೆಗೆ ತಿರುಗಿತು. 1894ರಲ್ಲಿ ಗಣಿಗಾಗಿಯೇ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ಹಳಿಯ ಮೇಲೆ ಈಗ ಓಡಾಡುವುದು ಮುಖ್ಯವಾಗಿ ದಿನನಿತ್ಯದ ಪಾಸ್‌ದಾರರು. ಅವರ ಬ್ಯಾಗಿನಲ್ಲಿರುವ ಲ್ಯಾಪ್‌ಟಾಪ್ ಒಂದೇ ದಿನದಲ್ಲಿ ಮೂರು ಜಾಲಗಳಿಗೆ ಸೇರುತ್ತದೆ. ಬೆಳಿಗ್ಗೆ ಮನೆಯ ಫೈಬರ್, ರೈಲಿನಲ್ಲಿ ಟೇಕಲ್, ಮಾಲೂರು ದಾಟುವಾಗ ಮೊಬೈಲ್ ಹಾಟ್‌ಸ್ಪಾಟ್, ವೈಟ್‌ಫೀಲ್ಡಿನಲ್ಲಿ ಇಳಿದ ಮೇಲೆ ಕಚೇರಿಯ ವೈಫೈ. ಮೂರೂ ಕಡೆ ಬೇರೆ ಬೇರೆ ಡಿಎನ್‌ಎಸ್ ಸರ್ವರು. ಸಂಜೆ ಮನೆಗೆ ಬಂದು ಕಚೇರಿಯ ವಿಪಿಎನ್ ಹಾಕಿಕೊಂಡರೆ ನಾಲ್ಕನೆಯದು.

ಡಿಎನ್‌ಎಸ್‌ನ ಚರಿತ್ರೆ ಉದ್ದ ಬೇಕಿಲ್ಲ. ಮೊದಲು ಜಾಲದ ಎಲ್ಲ ಗಣಕಗಳ ಹೆಸರೂ ಒಂದೇ ಕಡತದಲ್ಲಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು, ಉಳಿದವರು ಪ್ರತಿ ಇಳಿಸಿಕೊಳ್ಳುತ್ತಿದ್ದರು. ಗಣಕಗಳು ಹೆಚ್ಚಿದಂತೆ ಅದು ಸಾಗದೆ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಹೆಸರುಗಳ ಜವಾಬ್ದಾರಿಯನ್ನು ಹಂಚುವ ಡಿಎನ್‌ಎಸ್ ರೂಪಿಸಿದರು. ಇಂದಿಗೂ ಆಧಾರವಾಗಿರುವ ನಿಯಮಗಳು 1987ರವು. ಹಳೆಯ ಕಡತ ಪೂರ್ತಿ ಹೋಗಲಿಲ್ಲ. ಪ್ರತಿ ಲಿನಕ್ಸ್ ಗಣಕದಲ್ಲೂ ‘ಇಟಿಸಿ’ ಫೋಲ್ಡರಿನ ಒಳಗೆ ‘ಹೋಸ್ಟ್ಸ್’ ಎಂಬ ಹೆಸರಿನಲ್ಲಿ ಅದರ ಮರಿ ಇನ್ನೂ ಇದೆ, ಸಾಮಾನ್ಯವಾಗಿ ಮೊದಲ ವಿಚಾರಣೆಯೂ ಅಲ್ಲೇ.

ಮೊದಲ ವಿಚಾರಣೆ ಅಂದೆವು. ಎರಡನೆಯದು ಯಾರದು ಎಂಬಲ್ಲೇ ಗೋಜಲು ಶುರುವಾಗುವುದು. ‘ಎನ್‌ಎಸ್‌ಸ್ವಿಚ್’ ಎಂಬ ಕಡತದಲ್ಲಿ ಯಾರನ್ನು ಯಾವ ಕ್ರಮದಲ್ಲಿ ಕೇಳಬೇಕು ಎಂದು ಒಂದು ಸಾಲು ಇರುತ್ತದೆ. ಉಬುಂಟುವಿನಲ್ಲಿ ಆ ಸಾಲು ಹೋಸ್ಟ್ಸ್ ಕಡತದಿಂದ ಮನೆಜಾಲದ ಎಂಡಿಎನ್‌ಎಸ್‌ಗೆ, ಅಲ್ಲಿಂದ ಡಿಎನ್‌ಎಸ್‌ಗೆ ಹೋಗುತ್ತದೆ. ಡಿಎನ್‌ಎಸ್ ಎಂದರೆ ನೇರ ಹೊರಗಿನ ಸರ್ವರೂ ಅಲ್ಲ. ‘ರಿಸಾಲ್ವ್.ಕಾನ್ಫ್’ ಕಡತ ತೆರೆದರೆ 127.0.0.53 ಎಂಬ ವಿಳಾಸ ಕಾಣುತ್ತದೆ. ಅದು ಅದೇ ಗಣಕದೊಳಗೆ ಕೂತ ‘ಸಿಸ್ಟಮ್‌ಡಿ-ರಿಸಾಲ್ವ್ಡ್’ ಎಂಬ ಮಧ್ಯವರ್ತಿ. ಅದು ಮನೆಯ ರೂಟರನ್ನು ಕೇಳುತ್ತದೆ, ರೂಟರು ಇಂಟರ್ನೆಟ್ ಕೊಡುವವರ ಸರ್ವರನ್ನು, ಆ ಸರ್ವರು ಬೇರಿನಿಂದ ಹಿಡಿದು ಹೆಸರಿನ ಒಡೆಯರವರೆಗೆ ಒಬ್ಬೊಬ್ಬರನ್ನಾಗಿ. ಪ್ರತಿ ಹಂತದಲ್ಲೂ ಹಳೆಯ ಉತ್ತರವನ್ನು ಜೇಬಿನಲ್ಲಿ, ಅಂದರೆ ಕ್ಯಾಶ್‌ನಲ್ಲಿ, ಇಟ್ಟುಕೊಳ್ಳುವ ಅಭ್ಯಾಸವಿದೆ. ‘ಅಂಥ ಹೆಸರೇ ಇಲ್ಲ’ ಎಂಬ ಉತ್ತರವನ್ನೂ ಇಟ್ಟುಕೊಳ್ಳುತ್ತಾರೆ; 1998ರ ನಿಯಮವೊಂದು ಅದಕ್ಕೂ ಅವಧಿ ಗೊತ್ತುಮಾಡಿದೆ. ಹೊಸ ಡೊಮೈನ್ ಕೊಂಡವರು ನೋಂದಣಿ ಮುಗಿಯುವ ಮುಂಚೆಯೇ ಆತುರದಿಂದ ನೋಡಿದರೆ, ಆಮೇಲೆ ಊರಿಗೆಲ್ಲ ಕಾಣುವ ತಾಣ ಅವರೊಬ್ಬರಿಗೇ ಕಾಣದೆ ಹೋಗುವುದು ಇದರಿಂದ.

ಇದರ ಮೇಲೆ ಬ್ರೌಸರಿನದು ಬೇರೆ ಸಂಸಾರ. ಫೈರ್‌ಫಾಕ್ಸ್ ಅಥವಾ ಕ್ರೋಮ್‌ನಲ್ಲಿ ‘ಸೆಕ್ಯೂರ್ ಡಿಎನ್‌ಎಸ್’ ಆನ್ ಆಗಿದ್ದರೆ ಅದು ಸಾಮಾನ್ಯವಾಗಿ ಲಿನಕ್ಸ್‌ನ ಈ ವ್ಯವಸ್ಥೆಯನ್ನು ಕೇಳುವುದಿಲ್ಲ, ತನ್ನದೇ ಸರ್ವರನ್ನು ಎಚ್‌ಟಿಟಿಪಿಎಸ್ ಮೂಲಕ ಕೇಳಿಕೊಳ್ಳುತ್ತದೆ. ಆದ್ದರಿಂದ ಬ್ರೌಸರಿನಲ್ಲಿ ಎಲ್ಲ ತೆರೆಯುತ್ತದೆ, ‘ಆ್ಯಪ್ಟ್ ಅಪ್‌ಡೇಟ್’ ಮಾತ್ರ ಸೋಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕು.

ತಪ್ಪು ಸಂದೇಶವನ್ನು ಓದದೆ ಮುಚ್ಚುವುದು ಎಲ್ಲರ ಚಾಳಿ. ಇಲ್ಲಿ ಮಾತ್ರ ಅದನ್ನು ಅಕ್ಷರ ಬಿಡದೆ ಓದಬೇಕು. ‘ಟೆಂಪೊರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಶನ್’ ಎಂದರೆ ಕೇಳಿದೆ, ಉತ್ತರ ಬರಲಿಲ್ಲ ಅಥವಾ ಸರ್ವರು ಕೈಚೆಲ್ಲಿತು ಎಂದು. ‘ನೇಮ್ ಆರ್ ಸರ್ವಿಸ್ ನಾಟ್ ನೋನ್’ ಎಂದರೆ ಯಾರೋ ಒಬ್ಬರು ಸ್ಪಷ್ಟವಾಗಿ ‘ಇಲ್ಲ’ ಎಂದಿದ್ದಾರೆ. ಮೊದಲನೆಯದು ಬಂದರೆ ದಾರಿಯನ್ನು ಅನುಮಾನಿಸಬೇಕು. ಎರಡನೆಯದು ಆಗೊಮ್ಮೆ ಈಗೊಮ್ಮೆ ಬಂದರೆ ಅನುಮಾನ ಬೇರೆ ಕಡೆ ಹೋಗಬೇಕು: ಒಂದೇ ಪ್ರಶ್ನೆಯನ್ನು ಒಮ್ಮೆ ಒಬ್ಬರಿಗೆ, ಇನ್ನೊಮ್ಮೆ ಇನ್ನೊಬ್ಬರಿಗೆ ಕೇಳಲಾಗುತ್ತಿದೆ, ಇಬ್ಬರಿಗೂ ಗೊತ್ತಿರುವುದು ಒಂದೇ ಅಲ್ಲ.

ಈ ಎರಡನೆಯ ಬಗೆಯೇ ಕಚೇರಿಗಳಲ್ಲಿ ಹೆಚ್ಚು, ಅದರ ಬೇರು ಒಂದು ತಪ್ಪು ತಿಳಿವಳಿಕೆ. ಎರಡು ಸರ್ವರುಗಳ ವಿಳಾಸ ಬರೆದರೆ ಮೊದಲನೆಯದಕ್ಕೆ ಗೊತ್ತಿಲ್ಲದ್ದನ್ನು ಎರಡನೆಯದನ್ನು ಕೇಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಾಗಿ ಮೊದಲು ಕಚೇರಿಯ ಒಳಸರ್ವರು, ಅದರ ಕೆಳಗೆ ‘ಇರಲಿ’ ಎಂದು 8.8.8.8 ಬರೆಯುತ್ತಾರೆ. ‘ಇಲ್ಲ’ ಎಂಬುದೂ ಡಿಎನ್‌ಎಸ್ ಲೆಕ್ಕದಲ್ಲಿ ಪೂರ್ಣ ಉತ್ತರವೇ. ಅದು ಬಂದ ಮೇಲೆ ಮುಂದಿನವರನ್ನು ಕೇಳುವ ಪ್ರಶ್ನೆಯೇ ಇಲ್ಲ. ಎರಡನೆಯ ಸರ್ವರಿನ ಸರದಿ ಬರುವುದು ಮೊದಲನೆಯದು ಮೌನವಾದಾಗ ಇಲ್ಲವೇ ಕೈಚೆಲ್ಲಿದಾಗ ಮಾತ್ರ. ಸಿಸ್ಟಮ್‌ಡಿ-ರಿಸಾಲ್ವ್ಡ್ ಇನ್ನೂ ಒಂದು ಹೆಜ್ಜೆ ಮುಂದೆ. ಒಮ್ಮೆ ಎರಡನೆಯದಕ್ಕೆ ದಾಟಿತೆಂದರೆ ಅಲ್ಲೇ ನೆಲೆಯೂರುತ್ತದೆ, ಆ ಸರ್ವರೂ ಕೈಕೊಡುವವರೆಗೆ ಹಿಂದಕ್ಕೆ ಬರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಒಳಸರ್ವರು ಒಂದು ಕ್ಷಣ ತಡವರಿಸಿತು ಎಂದುಕೊಳ್ಳಿ. ಅಲ್ಲಿಂದಾಚೆ ಕಚೇರಿಯ ಒಳಗಿನ ಹೆಸರು ಯಾವುದನ್ನು ಕೇಳಿದರೂ ಗೂಗಲ್ ‘ಇಲ್ಲ’ ಎನ್ನುತ್ತದೆ. ಗೂಗಲ್ ಹೇಳುವುದೂ ಸರಿಯೇ, ಅದಕ್ಕೆ ಆ ಹೆಸರು ಗೊತ್ತಿರಲು ಸಾಧ್ಯವಿಲ್ಲ. ಮಧ್ಯಾಹ್ನ ಯಾರೋ ವೈಫೈ ಆಫ್ ಮಾಡಿ ಆನ್ ಮಾಡುತ್ತಾರೆ, ಪಟ್ಟಿ ಮೊದಲಿನಿಂದ ಶುರುವಾಗುತ್ತದೆ, ದೋಷ ಮಾಯ. ಪಟ್ಟಿಯಲ್ಲಿರುವ ಎಲ್ಲ ಸರ್ವರುಗಳೂ ಒಂದೇ ಉತ್ತರ ಕೊಡುವಂತಿರಬೇಕು. ಒಳಗಿನ ಹೆಸರುಗಳಿಗೆ ಬೇರೆ ಸರ್ವರು ಬೇಕೆಂದರೆ ರಿಸಾಲ್ವ್ಡ್‌ನಲ್ಲಿ ಡೊಮೈನ್‌ವಾರು ದಾರಿ ಬೇರ್ಪಡಿಸುವ ಸೌಲಭ್ಯವಿದೆ. ವಿಪಿಎನ್ ಬಳಸುವವರಿಗೆ ಸರಿಯಾದ ಪರಿಹಾರ ಅದೇ.

ರಿಸಾಲ್ವ್.ಕಾನ್ಫ್ ಕಡತಕ್ಕೆ ಒಡೆಯರು ಹಲವರು. ನೆಟ್‌ವರ್ಕ್‌ಮ್ಯಾನೇಜರ್ ಬರೆಯುತ್ತದೆ, ರೂಟರಿನಿಂದ ವಿಳಾಸ ಪಡೆಯುವ ಡಿಎಚ್‌ಸಿಪಿ ಕ್ಲೈಂಟ್ ಬರೆಯುತ್ತದೆ, ವಿಪಿಎನ್ ತಂತ್ರಾಂಶ ಬಂದು ಅದನ್ನು ಅಳಿಸಿ ತನ್ನದು ಬರೆಯುತ್ತದೆ, ಹೋಗುವಾಗ ಹಳೆಯದನ್ನು ತಿರುಗಿ ಇಡಲು ಕೆಲವೊಮ್ಮೆ ಮರೆಯುತ್ತದೆ. ಕೈಯಾರೆ ತಿದ್ದಿದ್ದು ಮುಂದಿನ ಡಿಎಚ್‌ಸಿಪಿ ನವೀಕರಣದವರೆಗೆ ಮಾತ್ರ, ಅಂದರೆ ರೂಟರು ಕೊಟ್ಟ ಅವಧಿಯ ಅರ್ಧದಷ್ಟು ಹೊತ್ತಿಗೆ. ಇದರಿಂದ ರೋಸಿ ‘ಚ್ಯಾಟ್ರ್’ ಆದೇಶದಿಂದ ಕಡತಕ್ಕೆ ಬೀಗ ಹಾಕುವವರಿದ್ದಾರೆ. ಮನೆಯ ಮೂಲೆಯಲ್ಲಿ ಕೂತ ಡೆಸ್ಕ್‌ಟಾಪಿಗೆ ಅದು ನಡೆದೀತು. ಬಂಗಾರಪೇಟೆಯಲ್ಲಿ ರೈಲು ಹತ್ತುವ ಲ್ಯಾಪ್‌ಟಾಪಿಗೆ ಹಾಕಿದರೆ ಕಚೇರಿಯಲ್ಲಿ ಪ್ರಿಂಟರೂ ಸಿಗುವುದಿಲ್ಲ.

ಹಳೆಯ ಕಚೇರಿ ಜಾಲಗಳಲ್ಲಿ ಇನ್ನೊಂದು ಪಳೆಯುಳಿಕೆ ಉಂಟು: ಒಳಗಿನ ಗಣಕಗಳಿಗೆ ಡಾಟ್ ಲೋಕಲ್ ಎಂದು ಕೊನೆಯಾಗುವ ಹೆಸರು. 2013ರ ನಿಯಮದ ಪ್ರಕಾರ ಆ ಕೊನೆ ಎಂಡಿಎನ್‌ಎಸ್‌ಗೆ ಮೀಸಲು. ವಿಂಡೋಸ್‌ನಲ್ಲಿ ತೆರೆಯುವುದು ಉಬುಂಟುವಿನಲ್ಲಿ ತೆರೆಯದಿರಲು ಇಷ್ಟೇ ಸಾಕು.

ಲಿನಕ್ಸ್‌ಗೇ ವಿಶಿಷ್ಟವಾದ ಐದು ಸೆಕೆಂಡಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಒಂದು ಹೆಸರಿಗೆ ಈಗ ಎರಡು ಪ್ರಶ್ನೆ: ಹಳೆಯ ಐಪಿವಿ4 ವಿಳಾಸ ಯಾವುದು, ಹೊಸ ಐಪಿವಿ6 ವಿಳಾಸ ಯಾವುದು. 2008ರಲ್ಲಿ ಬಂದ ಜಿಲಿಬ್‌ಸಿ 2.9ರಿಂದ ಇವೆರಡನ್ನೂ ಒಟ್ಟೊಟ್ಟಿಗೆ ಕಳಿಸುವ ಪದ್ಧತಿ ಶುರುವಾಯಿತು, ಸಮಯ ಉಳಿಯಲಿ ಎಂದು. ಕೆಲವು ಅಗ್ಗದ ರೂಟರುಗಳಿಗೆ ಇದು ಅರಗಲಿಲ್ಲ. ಒಂದೇ ಬಾಗಿಲಿನಿಂದ ಎರಡು ಪ್ರಶ್ನೆ ಬಂದಾಗ ಒಂದಕ್ಕೆ ಮಾತ್ರ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದವು. ಜಿಲಿಬ್‌ಸಿ ಎರಡನೆಯದಕ್ಕೆ ಐದು ಸೆಕೆಂಡು ಕಾಯುತ್ತಿತ್ತು. ಅದಕ್ಕೆಂದೇ ‘ಸಿಂಗಲ್-ರಿಕ್ವೆಸ್ಟ್’ ಮತ್ತು ‘ಸಿಂಗಲ್-ರಿಕ್ವೆಸ್ಟ್-ರೀಓಪನ್’ ಎಂಬ ಆಯ್ಕೆಗಳನ್ನು ಸೇರಿಸಬೇಕಾಯಿತು. ಮುಂದೆ 2018ರ ಹೊತ್ತಿಗೆ ಹಲವು ಗಣಕಗಳಲ್ಲಿ ಒಟ್ಟಿಗೆ ತಂತ್ರಾಂಶ ಓಡಿಸುವ ಕುಬರ್ನೆಟಿಸ್ ವ್ಯವಸ್ಥೆ ಬಳಸುವ ದೊಡ್ಡ ದೊಡ್ಡ ಕಂಪನಿಗಳಲ್ಲೂ ಅದೇ ಐದು ಸೆಕೆಂಡು ಕಾಣಿಸಿಕೊಂಡಿತು. ಈ ಬಾರಿ ತಪ್ಪು ರೂಟರಿನದಲ್ಲ. ಲಿನಕ್ಸ್ ಕರ್ನೆಲ್‌ನೊಳಗೆ, ವಿಳಾಸ ಬದಲಿಸುವ ಪ್ಯಾಕೆಟ್‌ಗಳ ಲೆಕ್ಕವಿಡುವ ‘ಕಾನ್‌ಟ್ರ್ಯಾಕ್’ ಭಾಗದಲ್ಲಿ, ಜೋಡಿಯಾಗಿ ಬಂದ ಎರಡು ಪ್ಯಾಕೆಟ್‌ಗಳು ಒಂದೇ ಕ್ಷಣಕ್ಕೆ ದಾಖಲೆಗೆ ಮುಗಿಬಿದ್ದರೆ ಒಂದನ್ನು ಬಿಸಾಡಲಾಗುತ್ತಿತ್ತು. ಎಲ್ಲೂ ದೂರಿಲ್ಲ, ಲಾಗ್‌ನಲ್ಲಿ ಸಾಲಿಲ್ಲ, ಕಾನ್‌ಟ್ರ್ಯಾಕ್‌ನ ಅಂಕಿಅಂಶದಲ್ಲಿ ‘ಇನ್ಸರ್ಟ್ ಫೇಲ್ಡ್’ ಎಂಬ ಎಣಿಕೆ ಮಾತ್ರ ಒಂದೊಂದಾಗಿ ಏರುತ್ತಿತ್ತು. ಆ ಎಣಿಕೆಯನ್ನು ಗಮನಿಸಿದವರೇ ಕಾರಣ ಹಿಡಿದರು. ಕರ್ನೆಲ್‌ಗೆ ತಿದ್ದುಪಡಿಗಳು ಬಂದವು. ಆದರೂ ಪ್ರತಿ ಗಣಕದಲ್ಲೇ ಒಂದು ಸಣ್ಣ ಡಿಎನ್‌ಎಸ್ ಕ್ಯಾಶ್ ಇಡುವುದೇ ವಾಡಿಕೆಯಾಯಿತು.

ದಾರಿಯಲ್ಲಿ ಪ್ಯಾಕೆಟ್ ಕಳೆಯುವುದಕ್ಕೆ ಇಷ್ಟು ಗಹನ ಕಾರಣವೇ ಬೇಕೆಂದಿಲ್ಲ. ಡಿಎನ್‌ಎಸ್ ಪ್ರಶ್ನೆ ಸಾಮಾನ್ಯವಾಗಿ ಯುಡಿಪಿಯಲ್ಲಿ ಹೋಗುತ್ತದೆ. ಕಳೆದುಹೋದದ್ದನ್ನು ತಾನಾಗಿ ಮತ್ತೆ ಕಳಿಸುವ ಟಿಸಿಪಿಯ ಗುಣ ಅದಕ್ಕಿಲ್ಲ. ಗಣಿ ಕಾಲದ ದಪ್ಪ ಗೋಡೆಯ ಮನೆಯಲ್ಲಿ, ಹಿಂದಿನ ಕೋಣೆಗೆ ವೈಫೈ ಅರೆಬರೆ ತಲುಪುತ್ತಿದ್ದರೆ ವಿಡಿಯೊ ಹೇಗೋ ಸಾವರಿಸಿಕೊಳ್ಳುತ್ತದೆ, ಮೊದಲು ಸೋಲುವುದು ಡಿಎನ್‌ಎಸ್. ಆಗ ಡಿಎನ್‌ಎಸ್ ಸರ್ವರು ಬದಲಿಸುವುದಕ್ಕಿಂತ ಒಂದು ತಂತಿ ಎಳೆದು ಹತ್ತು ನಿಮಿಷ ನೋಡುವುದು ಬುದ್ಧಿವಂತಿಕೆ.

ಗಾತ್ರದ ತೊಂದರೆ ಇನ್ನೊಂದು. ಮೊದಲಿನ ನಿಯಮದಲ್ಲಿ ಯುಡಿಪಿ ಉತ್ತರಕ್ಕೆ 512 ಬೈಟ್‌ಗಳ ಮಿತಿ ಇತ್ತು. 1999ರಲ್ಲಿ ಬಂದ ಇಡಿಎನ್‌ಎಸ್ ಅದನ್ನು ಸಡಿಲಿಸಿತು, ಎಷ್ಟೋ ಸರ್ವರುಗಳು 4096ರವರೆಗೆ ಹೋದವು. ಆದರೆ ಫೈಬರಿನಲ್ಲಿ ಪಿಪಿಪಿಒಇ ಮೂಲಕ ಲಾಗಿನ್ ಆಗುವ ಮನೆಗಳಲ್ಲಿ ಒಂದು ಪ್ಯಾಕೆಟ್ 1492 ಬೈಟ್ ದಾಟುವಂತಿಲ್ಲ. ದೊಡ್ಡ ಉತ್ತರ ತುಂಡಾಗುತ್ತದೆ, ಒಂದು ತುಂಡನ್ನು ಯಾವುದೋ ಫೈರ್‌ವಾಲ್ ನುಂಗುತ್ತದೆ. ಚಿಕ್ಕ ಉತ್ತರವಿರುವ ತಾಣಗಳು ತೆರೆಯುತ್ತವೆ, ಉತ್ತರ ಅಸಲಿ ಎಂದು ತೋರಿಸುವ ಡಿಎನ್‌ಎಸ್‌ಸೆಕ್ ಸಹಿ ಸಹಿತ ಉದ್ದ ಉತ್ತರವಿರುವವು ಸಿಕ್ಕಿಕೊಳ್ಳುತ್ತವೆ. ಇದನ್ನು ತಪ್ಪಿಸಲೆಂದು ಸರ್ವರ್ ತಂತ್ರಾಂಶ ಮಾಡುವವರೆಲ್ಲ ಸೇರಿ 2020ರಲ್ಲಿ 1232 ಬೈಟ್‌ಗಳನ್ನು ಸುರಕ್ಷಿತ ಮಿತಿ ಎಂದು ಒಪ್ಪಿಕೊಂಡರು. ಸಿಸ್ಟಮ್‌ಡಿ-ರಿಸಾಲ್ವ್ಡ್ ಇಂಥ ಕಡೆ ಎಡವಿದಾಗ ‘ಡಿಗ್ರೇಡೆಡ್ ಫೀಚರ್ ಸೆಟ್’ ಬಳಸುತ್ತಿದ್ದೇನೆ ಎಂದು ಲಾಗ್‌ನಲ್ಲಿ ಬರೆಯುತ್ತದೆ. ದಿನಕ್ಕೆ ಹತ್ತಾರು ಸಲ ಆ ಸಾಲು ಬರುತ್ತಿದ್ದರೆ ತೊಂದರೆ ಗಣಕದಿಂದಾಚೆಗಿನ ದಾರಿಯಲ್ಲಿದೆ ಎಂದೇ ಹಿಡಿಯಬಹುದು.

ಇನ್ನು ಕರೆಂಟು. ಕೆಜಿಎಫ್ 1902ರಲ್ಲೇ ಶಿವನಸಮುದ್ರದಿಂದ 140 ಕಿಲೋಮೀಟರಿಗೂ ಉದ್ದದ ತಂತಿ ಎಳೆಸಿಕೊಂಡು ವಿದ್ಯುತ್ ಪಡೆದ ಊರು. ಇಂದಿನ ಮನೆಗಳಲ್ಲಿ ಕರೆಂಟು ಹೋಗಿ ಬರುವುದು ಮಾತ್ರ ನಾಡಿನ ಬೇರೆ ಸಣ್ಣ ಊರುಗಳಂತೆಯೇ. ಕರೆಂಟು ಹೋದಾಗ ರೂಟರು ಆರುತ್ತದೆ, ಬ್ಯಾಟರಿ ಇರುವ ಲ್ಯಾಪ್‌ಟಾಪ್ ಎಚ್ಚರವಾಗೇ ಇರುತ್ತದೆ. ಕರೆಂಟು ಬಂದೊಡನೆ ವೈಫೈ ಚಿಹ್ನೆ ಮೊದಲು ಬೆಳಗುತ್ತದೆ, ಫೈಬರ್ ಲಾಗಿನ್ ಆಗಲು ಇನ್ನೊಂದೆರಡು ನಿಮಿಷ ಬೇಕು. ಆ ನಡುವೆ ಕೇಳಿದ್ದಕ್ಕೆಲ್ಲ ರೂಟರು ಏನೋ ಒಂದು ಸೋತ ಉತ್ತರ ಕೊಡುತ್ತದೆ. ಇದು ಎರಡು ನಿಮಿಷ ಕಾದರೆ ತೀರುವಂಥದ್ದು.

ತೀರದಿರುವಂಥದ್ದು ಗಡಿಯಾರದ ತೊಡಕು. ಜಾಹೀರಾತು ತಡೆಯಲೆಂದು, ಮಕ್ಕಳ ಓದಿಗೆ ಭಂಗ ಬರದಿರಲೆಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕ ತಂದು, ಅದರಲ್ಲಿ ಪೈ-ಹೋಲ್ ಮತ್ತು ಅನ್‌ಬೌಂಡ್ ಎಂಬ ಡಿಎನ್‌ಎಸ್ ತಂತ್ರಾಂಶಗಳನ್ನು ಹಾಕಿ, ಮನೆಗೆಲ್ಲ ಅದನ್ನೇ ಡಿಎನ್‌ಎಸ್ ಮಾಡಿಕೊಂಡವರು ಈಗ ಅಲ್ಲಲ್ಲಿ ಸಿಗುತ್ತಾರೆ. 2023ರಲ್ಲಿ ಬಂದ ಐದನೆಯ ಆವೃತ್ತಿಯವರೆಗೆ ಆ ಬೋರ್ಡಿನಲ್ಲಿ ಗಡಿಯಾರದ ಚಿಪ್ ಇರಲೇ ಇಲ್ಲ. ಕರೆಂಟು ಹೋದರೆ ಸಮಯ ನಿಲ್ಲುತ್ತದೆ, ಬಂದಾಗ ಹೋದ ಹೊತ್ತಿನಿಂದಲೇ ಮುಂದುವರಿಯುತ್ತದೆ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತ ಹಳೆಯ ಡೆಸ್ಕ್‌ಟಾಪಿನ ಪಾಡು ಇದಕ್ಕಿಂತ ಕಡೆ, ಅದು ವರ್ಷಗಳಷ್ಟು ಹಿಂದಕ್ಕೆ ಹೋಗಿಬಿಡುತ್ತದೆ. ಅನ್‌ಬೌಂಡ್ ಡಿಎನ್‌ಎಸ್‌ಸೆಕ್ ಸಹಿಗಳನ್ನು ಪರೀಕ್ಷಿಸುತ್ತದೆ. ಪ್ರತಿ ಸಹಿಗೂ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಎಂಬ ಅವಧಿ ಇರುತ್ತದೆ. ಗಡಿಯಾರ ಹಿಂದಿದ್ದರೆ ಸಹಿ ಇನ್ನೂ ಜಾರಿಗೇ ಬಂದಿಲ್ಲ ಎಂದು ತಿಳಿದು ಉತ್ತರವನ್ನು ತಿರಸ್ಕರಿಸುತ್ತದೆ. ಗಡಿಯಾರ ಸರಿಮಾಡಲು ಎನ್‌ಟಿಪಿ ಸರ್ವರನ್ನು ಕೇಳಬೇಕು. ಎನ್‌ಟಿಪಿ ಸರ್ವರಿನ ಹೆಸರಿಗೆ ವಿಳಾಸ ಬೇಕು. ವಿಳಾಸ ಕೊಡಬೇಕಾದ ಅನ್‌ಬೌಂಡ್ ಗಡಿಯಾರ ಸರಿಯಾಗುವವರೆಗೆ ಬಾಯಿ ಬಿಡದು. ಅರ್ಧ ಗಂಟೆ ಕರೆಂಟು ಹೋದ ದಿನ ಏನೂ ಆಗುವುದಿಲ್ಲ, ಸಹಿಗಳ ಅವಧಿ ಅದಕ್ಕಿಂತ ಉದ್ದ. ಮನೆಗೆ ಬೀಗ ಹಾಕಿ ವಾರಗಟ್ಟಲೆ ಊರಿಗೆ ಹೋಗಿ ಬಂದಾಗಲೇ ಕಾಣಿಸಿಕೊಳ್ಳುವುದು. ಹಾಗಾಗಿ ಇದನ್ನು ಕರೆಂಟಿಗೆ ಗಂಟು ಹಾಕಲು ಯಾರಿಗೂ ಹೊಳೆಯುವುದಿಲ್ಲ. ಎನ್‌ಟಿಪಿ ಸರ್ವರೊಂದನ್ನು ಹೆಸರಿನ ಬದಲು ಅಂಕಿಯ ವಿಳಾಸದಿಂದ ಕೊಟ್ಟರೆ ಈ ಸುಳಿ ಕಡಿದುಹೋಗುತ್ತದೆ. ಡೆಸ್ಕ್‌ಟಾಪಿಗಾದರೆ ಹೊಸ ಬ್ಯಾಟರಿ ಸಾಕು.

ಕನ್ನಡದ ಡೊಮೈನ್ ಹೆಸರು ಬಳಸುವವರಿಗೆ ಮಾತ್ರ ಬರುವ ತೊಡಕೂ ಇದೆ. ಡಾಟ್ ಭಾರತ ಎಂಬ ಕೊನೆ ಈಗ ಕನ್ನಡ ಲಿಪಿಯಲ್ಲೂ ಡಿಎನ್‌ಎಸ್‌ನ ಬೇರಿನಲ್ಲಿದೆ. ಡಿಎನ್‌ಎಸ್ ಒಳಗೆ ಓಡಾಡುವುದು ಕನ್ನಡ ಅಕ್ಷರಗಳಲ್ಲ, ಅವುಗಳಿಂದ ಕಟ್ಟಿದ ರೋಮನ್ ಸಂಕೇತ. ಆ ಪರಿವರ್ತನೆ ಮಾಡುವುದು ಬ್ರೌಸರಿನಂಥ ತಂತ್ರಾಂಶದ ಕೆಲಸ. ಎಲ್ಲ ತಂತ್ರಾಂಶಗಳೂ ಮಾಡುವುದಿಲ್ಲ. ‘ರಾಜ್‌ಕುಮಾರ್’ ಎಂದು ಒತ್ತಕ್ಷರ ತಪ್ಪಿಸಿ ಬರೆಯಲು ನಾವು ಕೀಲಿಮಣೆಯಲ್ಲಿ ಹಾಕುವ ಕಣ್ಣಿಗೆ ಕಾಣದ ಅಕ್ಷರವನ್ನು ಕೆಲವು ತಂತ್ರಾಂಶಗಳು ಉಳಿಸಿಕೊಳ್ಳುತ್ತವೆ, ಕೆಲವು ಕಿತ್ತುಹಾಕುತ್ತವೆ. ಹೊರಡುವ ಪ್ರಶ್ನೆಗಳು ಬೇರೆ ಬೇರೆ ಆಗುತ್ತವೆ. ಅಂಥ ಹೆಸರಿನ ತಾಣ ಒಂದು ಬ್ರೌಸರಿನಲ್ಲಿ ಸಿಕ್ಕು ಇನ್ನೊಂದರಲ್ಲಿ ಸಿಗದಿದ್ದರೆ ರೂಟರನ್ನು ಬೈಯಬೇಕಿಲ್ಲ.

ಎಲ್ಲ ದೋಷವೂ ಮನೆಯೊಳಗಿನದಲ್ಲ. ಮನೆಯ ಫೈಬರಿನಲ್ಲಿ ತೆರೆಯುವ ತಾಣ ರೈಲಿನಲ್ಲಿ ತೆರೆಯದಿದ್ದರೆ ಅದು ಸರ್ಕಾರದ ಅಥವಾ ನ್ಯಾಯಾಲಯದ ಆದೇಶದಿಂದ ತಡೆಹಿಡಿದ ತಾಣವಿರಬಹುದು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಶದ ದೊಡ್ಡ ಇಂಟರ್ನೆಟ್ ಕಂಪನಿಗಳು ತಡೆಯುವ ತಾಣಗಳ ಪಟ್ಟಿಯೂ ತಡೆಯುವ ವಿಧಾನವೂ ಒಬ್ಬರಿಂದೊಬ್ಬರಿಗೆ ಬೇರೆಯಾಗಿರುವುದು ಕಂಡುಬಂತು. ಕೆಲವರು ಡಿಎನ್‌ಎಸ್‌ನಲ್ಲೇ ಸುಳ್ಳು ಉತ್ತರ ಕೊಡುತ್ತಾರೆ, ಕೆಲವರು ಆಮೇಲಿನ ಹಂತದಲ್ಲಿ ತಡೆಯುತ್ತಾರೆ.

ಸರ್ವರುಗಳೂ ಬೀಳುತ್ತವೆ. ಕ್ಲೌಡ್‌ಫ್ಲೇರ್‌ನ 1.1.1.1 ಸರ್ವರು 2025ರ ಜುಲೈನಲ್ಲಿ ಸುಮಾರು ಒಂದು ಗಂಟೆ ಜಗತ್ತಿನಾದ್ಯಂತ ಸಿಗದಾಯಿತು. ನಮ್ಮಲ್ಲಿ ಅದು 15ರ ಬೆಳಗಿನ ಜಾವ ಮೂರೂವರೆಯ ಆಸುಪಾಸು, ಹಾಗಾಗಿ ಬಹಳ ಜನಕ್ಕೆ ತಿಳಿಯಲೇ ಇಲ್ಲ. ಅದೇ ವರ್ಷ ಅಕ್ಟೋಬರ್ 20ರಂದು ಅಮೆಜಾನ್‌ನ ವರ್ಜೀನಿಯಾ ಕೇಂದ್ರದಲ್ಲಿ ಡಿಎನ್‌ಎಸ್ ದಾಖಲೆಗಳನ್ನು ತಾನಾಗಿ ಬರೆಯುವ ಎರಡು ಪ್ರೋಗ್ರಾಂಗಳು ಒಂದರ ಕೆಲಸವನ್ನು ಇನ್ನೊಂದು ತುಳಿದು, ಮುಖ್ಯ ಡೇಟಾಬೇಸ್ ಸೇವೆಯ ವಿಳಾಸವೇ ಖಾಲಿಯಾಗಿ ಹೋಯಿತು. ಅದನ್ನು ನಂಬಿದ ನೂರಾರು ಸೇವೆಗಳು ನಿಂತವು. ಲಿನಕ್ಸ್ ಬಳಕೆದಾರರು ನೆನಪಿಡಬೇಕಾದದ್ದು 2022ರ ಆಗಸ್ಟ್ 30. ಅಂದು ಉಬುಂಟು 18.04ಕ್ಕೆ ಬಂದ ಸಿಸ್ಟಮ್‌ಡಿ ಭದ್ರತಾ ಅಪ್‌ಡೇಟ್ ತಾನಾಗಿ ಇನ್‌ಸ್ಟಾಲ್ ಆಗಿ, ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡಿನಲ್ಲಿದ್ದ ಲೆಕ್ಕವಿಲ್ಲದಷ್ಟು ಗಣಕಗಳು ತಮ್ಮ ಡಿಎನ್‌ಎಸ್ ಸರ್ವರಿನ ವಿಳಾಸ ಕಳೆದುಕೊಂಡವು. ರೀಬೂಟ್ ಮಾಡಿದರೆ ಸರಿಯಾಗುತ್ತಿತ್ತು. ಕೆಟ್ಟದ್ದು ಯಾವಾಗ ಎಂದು ಗಂಟೆ ನಿಮಿಷ ಸಹಿತ ಗೊತ್ತಿದ್ದರೆ, ಅದೇ ಗಳಿಗೆಯಲ್ಲಿ ಗಣಕದಲ್ಲಿ ಏನು ಇನ್‌ಸ್ಟಾಲ್ ಆಯಿತು ಎಂದು ಲಾಗ್ ತೆರೆದು ನೋಡಬಹುದಿತ್ತು.

ಹಾಗಾದರೆ ಇಷ್ಟು ಕಾರಣಗಳಲ್ಲಿ ಯಾವುದೆಂದು ಗೊತ್ತುಮಾಡಿಕೊಳ್ಳುವುದು ಹೇಗೆ? ಇದಕ್ಕೆ ಊರಿಗಾಂನ ನೆರೆಯಲ್ಲೇ ಒಂದು ದೊಡ್ಡ ಮೇಲ್ಪಂಕ್ತಿ ಇದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳವರ ಜತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ಬೆರಳೆಣಿಕೆಯ ಘಟನೆಗಳಿಗಾಗಿ ತಿಂಗಳುಗಟ್ಟಲೆ ಉಪಕರಣ ಚಾಲೂ ಇಟ್ಟು ಕಾಯುವ ಕೆಲಸ ಅದು. ಬಂದು ಹೋಗುವ ದೋಷವನ್ನೂ ಹೀಗೇ ಹಿಡಿಯಬೇಕು. ಅದು ಬಂದಾಗ ಕೂತು ಹುಡುಕುತ್ತೇನೆ ಎಂದರೆ ಆಗದು, ಬರುವ ಮುಂಚೆಯೇ ಬಲೆ ಹಾಸಿರಬೇಕು.

ಬಲೆ ಅಂದರೆ ಹತ್ತು ಸಾಲಿನ ಒಂದು ಸಣ್ಣ ಸ್ಕ್ರಿಪ್ಟ್. ಹತ್ತು ಸೆಕೆಂಡಿಗೊಮ್ಮೆ ಒಂದೇ ಹೆಸರನ್ನು ನಾಲ್ಕು ಕಡೆ ಕೇಳಿ, ವೇಳೆಯ ಸಮೇತ ಕಡತಕ್ಕೆ ಬರೆಯಬೇಕು. ‘ಗೆಟ್‌ಎಂಟ್’ ಆದೇಶದಿಂದ ಕೇಳಿದ್ದು ಉಳಿದ ಪ್ರೋಗ್ರಾಂಗಳು ಹೋಗುವ ಪೂರ್ತಿ ದಾರಿಯಲ್ಲಿ, ಎನ್‌ಎಸ್‌ಸ್ವಿಚ್ ಮೂಲಕವೇ ಹೋಗುತ್ತದೆ. ‘ಡಿಗ್’ ಆದೇಶ ಆ ದಾರಿ ಬಿಟ್ಟು ನೇರ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ಅದರಿಂದ 127.0.0.53 ಅನ್ನು ಒಮ್ಮೆ, ಮನೆಯ ರೂಟರನ್ನು ಒಮ್ಮೆ, ಹೊರಗಿನ ಸರ್ವರೊಂದನ್ನು ಒಮ್ಮೆ ಕೇಳಬೇಕು. ಡಿಗ್‌ಗೆ ಸಿಕ್ಕಿತು ಎಂದ ಮಾತ್ರಕ್ಕೆ ಡಿಎನ್‌ಎಸ್ ಸರಿಯಿದೆ ಎಂದು ತೀರ್ಮಾನಿಸಿ, ಆ ಕಡೆ ಹುಡುಕುವುದನ್ನೇ ಬಿಡುವವರು ಕಮ್ಮಿಯೇನಲ್ಲ. ಕೇಳುವ ಹೆಸರು ಕ್ಯಾಶ್‌ನಲ್ಲಿ ಉಳಿಯುವಂಥದ್ದಾದರೆ ಪರೀಕ್ಷೆ ವ್ಯರ್ಥ, ಕಡಿಮೆ ಅವಧಿಯ ದಾಖಲೆ ಇರುವ ಹೆಸರನ್ನು ಆರಿಸಿಕೊಳ್ಳಬೇಕು. ಜತೆಗೆ ‘ಟಿಸಿಪಿಡಂಪ್’ನಿಂದ 53ನೇ ಪೋರ್ಟಿನ ಸಂಚಾರವನ್ನು ಕಡತಕ್ಕೆ ಹಿಡಿದಿಟ್ಟರೆ ಸಾಕ್ಷಿ ಪೂರ್ತಿ. ಹೊಸ ಸಿಸ್ಟಮ್‌ಡಿ ಇರುವವರಿಗೆ ‘ರಿಸಾಲ್ವ್‌ಸಿಟಿಎಲ್ ಮಾನಿಟರ್’ ಎಂಬ ಆದೇಶವೂ ಇದೆ, ರಿಸಾಲ್ವ್ಡ್‌ಗೆ ಬಂದ ಪ್ರತಿ ಪ್ರಶ್ನೆಯನ್ನೂ ಕಣ್ಣೆದುರೇ ತೋರಿಸುತ್ತದೆ.

ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಓದಿದರೆ ಚಿತ್ರ ಬಿಡಿಸಿಕೊಳ್ಳುತ್ತದೆ. ನಾಲ್ಕೂ ಒಟ್ಟಿಗೆ ಸೋತಿದ್ದರೆ ಜಾಲವೇ ಹೋಗಿತ್ತು, ಡಿಎನ್‌ಎಸ್ ನಿರಪರಾಧಿ. ರೂಟರು ಸೋತು ಹೊರಗಿನ ಸರ್ವರು ಉತ್ತರಿಸಿದ್ದರೆ ರೂಟರು ಇಲ್ಲವೇ ಅದರ ಬೆನ್ನಿಗಿರುವವರ ಸರ್ವರು. 8.8.8.8 ಹಾಕುವುದು ಸಮಂಜಸವೆನಿಸುವುದು ಇದೊಂದರಲ್ಲೇ. ರೂಟರೂ ಹೊರಗಿನ ಸರ್ವರೂ ಉತ್ತರಿಸಿ 127.0.0.53 ಮಾತ್ರ ಸೋತಿದ್ದರೆ ರಿಸಾಲ್ವ್ಡ್, ಅಂದರೆ ಅದು ಯಾವ ಸರ್ವರಿನ ಮೇಲೆ ನೆಲೆಯೂರಿದೆ ಎಂದು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಕೇಳಬೇಕು. ಮೂರೂ ಡಿಗ್ ಗೆದ್ದು ಗೆಟ್‌ಎಂಟ್ ಒಂದೇ ಸೋತಿದ್ದರೆ ಎನ್‌ಎಸ್‌ಸ್ವಿಚ್ ಸಾಲನ್ನೂ ಎರಡು ಪ್ರಶ್ನೆಗಳ ಜೋಡಿಯನ್ನೂ ನೋಡಬೇಕು. ಟಿಸಿಪಿಡಂಪ್‌ನಲ್ಲಿ ಪ್ರಶ್ನೆ ಹೊರಟದ್ದು ಇದ್ದು ಉತ್ತರ ಇಲ್ಲದಿದ್ದರೆ ದಾರಿಯಲ್ಲಿ ಕಳೆದಿದೆ. ಉತ್ತರ ಬಂದಿದ್ದೂ ಪ್ರೋಗ್ರಾಂ ಸೋತಿದ್ದರೆ ಕಾರಣ ಗಣಕದೊಳಗೇ ಇದೆ.

ತಪ್ಪು ಹೊರಗಿನದೆಂದು ಗೊತ್ತಾದಾಗ ಈ ಕಡತ ಇನ್ನೊಂದು ಉಪಯೋಗಕ್ಕೂ ಬರುತ್ತದೆ. ಫೈಬರ್ ಕೊಟ್ಟ ಕೇಬಲ್‌ನವರಿಗೆ ‘ನೆಟ್ ಸ್ಲೋ ಇದೆ’ ಎಂದು ಫೋನ್ ಮಾಡಿದರೆ ಬರುವ ಉತ್ತರ ಎಲ್ಲರಿಗೂ ಬಾಯಿಪಾಠ: ರೂಟರ್ ಆಫ್ ಮಾಡಿ ಆನ್ ಮಾಡಿ. ರಾತ್ರಿ 9ರಿಂದ 11ರವರೆಗೆ ನಿಮ್ಮ ಡಿಎನ್‌ಎಸ್ ಸರ್ವರು ಇಂತಿಷ್ಟು ಪ್ರಶ್ನೆಗಳಿಗೆ ಉತ್ತರಿಸಿಲ್ಲ, ಅದೇ ಹೊತ್ತಿನಲ್ಲಿ ಹೊರಗಿನ ಸರ್ವರು ಎಲ್ಲಕ್ಕೂ ಉತ್ತರಿಸಿದೆ ಎಂದು ವೇಳೆಯ ಪಟ್ಟಿ ಕಳಿಸಿದರೆ ದೂರು ಮೇಲಿನ ಎಂಜಿನಿಯರವರೆಗೆ ಹೋಗುವ ಸಾಧ್ಯತೆ ಹೆಚ್ಚು. ಸರಿಯಾಯಿತು ಎಂದು ಅವರು ಹೇಳಿದ ಮೇಲೂ ಸ್ಕ್ರಿಪ್ಟನ್ನು ಕೂಡಲೇ ನಿಲ್ಲಿಸಬಾರದು. ಒಂದು ಡಿಎಚ್‌ಸಿಪಿ ನವೀಕರಣ, ಒಂದು ಕರೆಂಟು ಕಡಿತ, ಒಂದು ಸಲ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವುದು, ಇಷ್ಟು ದಾಟುವವರೆಗೆ ಅದು ಓಡುತ್ತಿರಲಿ.